ವಿಳಾಸ ಕಳೆದುಕೊಂಡ ಸದ್ದುಗಳು: ಅಂತರ್ಜಾಲದ 'ದೆವ್ವದ ಆಡಿಯೊ' ಮತ್ತು ಕೊಡಗಿನ ರಾತ್ರಿ

ಮಳೆ ಹಿಡಿದು ಕರೆಂಟು ಹೋದ ರಾತ್ರಿಗಳಲ್ಲಿ ಕೊಡಗಿನ ವಾಟ್ಸಾಪ್ ಗುಂಪುಗಳಿಗೆ ಒಂದು ಜಾತಿಯ ಆಡಿಯೊ ಬಂದು ಬೀಳುತ್ತದೆ. 'ತೋಟದೊಳಗೆ ಹೆಂಗಸಿನ ಅಳು', 'ಘಾಟಿ ತಿರುವಿನಲ್ಲಿ ಕೇಳಿದ ನಗು' ಎಂಬಂಥ ತಲೆಬರಹ, ಇಪ್ಪತ್ತು ಮೂವತ್ತು ಸೆಕೆಂಡಿನ ಸದ್ದು. ಯಾರು ಹಿಡಿದದ್ದು, ಯಾವ ಊರಿನದು, ಯಾವ ದಿನದ್ದು ಎಂಬ ಸುಳಿವೇ ಇರುವುದಿಲ್ಲ. ತಲೆಬರಹದಲ್ಲಿ ಊರಿನ ಹೆಸರೊಂದನ್ನು ಬದಲಿಸಿದರೆ ಅದೇ ಕ್ಲಿಪ್ ಆಗುಂಬೆಗೂ ಸಲ್ಲುತ್ತದೆ, ವಯನಾಡಿಗೂ ಸಲ್ಲುತ್ತದೆ.

ಇಂಥ ಸದ್ದು ಹೆದರಿಸುವುದು ಅದರೊಳಗಿನ ಕಿರುಚಾಟದಿಂದ ಮಾತ್ರವಲ್ಲ. ಹೆದರಿಕೆಯ ದೊಡ್ಡ ಪಾಲು ಅದರ ವಿಳಾಸ ಕಳೆದುಹೋಗಿರುವುದರಿಂದ ಹುಟ್ಟುತ್ತದೆ. ಕೊಡವರಲ್ಲಿ ಮನೆಯಲ್ಲಿ ಸಾವಾದರೆ ಆಕಾಶಕ್ಕೆ ಎರಡು ಗುಂಡು ಹಾರಿಸುವ ಪದ್ಧತಿ ಇದೆ. ಗುಡ್ಡದಾಚೆಯಿಂದ ಬೆನ್ನುಬೆನ್ನಿಗೆ ಎರಡು ಈಡು ಕೇಳಿದರೆ ಊರವರಿಗೆ ಅದು ಸುದ್ದಿ. ಯಾರ ಮನೆಯದೆಂದು ವಿಚಾರಿಸಲು ಹೊರಡುತ್ತಾರೆ. ಅದೇ ಸದ್ದನ್ನು ಹೋಂಸ್ಟೇಯಲ್ಲಿ ಮಲಗಿದ ಪ್ರವಾಸಿಗರು ಫೋನಿನಲ್ಲಿ ಹಿಡಿದು ಹಾಕಿದರೆ ಅದು 'ಮಧ್ಯರಾತ್ರಿಯ ನಿಗೂಢ ಸದ್ದು' ಆಗಿಬಿಡುತ್ತದೆ. ಆನೆ ಓಡಿಸಲು ಹಚ್ಚುವ ಪಟಾಕಿಯ ಕಥೆಯೂ ಇದೇ. ಸದ್ದಿನಲ್ಲಿ ಏನೂ ಬದಲಾಗಿರುವುದಿಲ್ಲ, ಅದಕ್ಕೆ ಅಂಟಿದ್ದ ಚೀಟಿ ಬಿದ್ದುಹೋಗಿರುತ್ತದೆ ಅಷ್ಟೆ.

ಜಗತ್ತಿನ ಹೆಸರಾಂತ 'ಭಯಾನಕ' ಧ್ವನಿಗಳನ್ನು ನೋಡಿದರೆ ಹೆಚ್ಚಿನವುಗಳಲ್ಲಿ ಮೊದಲು ಬಿದ್ದುಹೋಗಿರುವ ಚೀಟಿ ವೇಗದ್ದು. 1997ರಲ್ಲಿ ಅಮೆರಿಕದ ಸಾಗರ ಸಂಸ್ಥೆ ನೋವಾ ಪೆಸಿಫಿಕ್ ಸಾಗರದಲ್ಲಿ ಇಳಿಬಿಟ್ಟಿದ್ದ ನೀರೊಳಗಿನ ಮೈಕುಗಳು 'ಬ್ಲೂಪ್' ಎಂಬ ಸದ್ದನ್ನು ಹಿಡಿದವು. ಸಾವಿರಾರು ಕಿಲೋಮೀಟರ್ ದೂರದ ಮೈಕುಗಳಿಗೂ ಕೇಳಿಸಿದ ಈ ಸದ್ದಿನ ಸುತ್ತ ದೈತ್ಯ ಸಮುದ್ರಪ್ರಾಣಿಯ ಕಥೆಗಳು ಬೆಳೆದವು. ಅಂತರ್ಜಾಲದಲ್ಲಿ ಎಲ್ಲರೂ ಕೇಳುವುದು ಅದರ 16 ಪಟ್ಟು ವೇಗದ ಆವೃತ್ತಿ. ಮೂಲದ ಸದ್ದು ಕಿವಿಗೆ ಸಿಗದಷ್ಟು ಮಂದ್ರದಲ್ಲಿದೆ. ಅಂಟಾರ್ಕ್ಟಿಕಾ ಕಡೆಯ ಮಂಜುಗಡ್ಡೆ ಬಿರಿಯುವಾಗ ಇದೇ ಬಗೆಯ ಸದ್ದು ಬರುತ್ತದೆಂದು ನೋವಾ ಮುಂದೆ ತೀರ್ಮಾನಿಸಿತು. 2022ರ ಮೇ ತಿಂಗಳಲ್ಲಿ ನಾಸಾ ಹೊರತಂದ, 'ಕಪ್ಪುಕುಳಿಯ ನರಳಾಟ' ಎಂದು ಹರಿದಾಡಿದ ಧ್ವನಿಯೂ ಹಾಗೆಯೇ. ಪರ್ಸಿಯಸ್ ಗೆಲಾಕ್ಸಿ ಗುಚ್ಛದ ಅನಿಲದಲ್ಲಿ ಹಬ್ಬುವ ಅಲೆಗಳನ್ನು 57 ಮತ್ತು 58 ಸಪ್ತಕಗಳಷ್ಟು ಮೇಲಕ್ಕೆತ್ತಿ ಅದನ್ನು ಕೇಳುವಂತೆ ಮಾಡಲಾಗಿತ್ತು. ನಾಸಾ ಇದನ್ನು ಮುಚ್ಚಿಡಲಿಲ್ಲ, ತನ್ನ ವಿವರಣೆಯಲ್ಲೇ ಬರೆದಿತ್ತು. ಫಾರ್ವರ್ಡ್ ಮಾಡಿದವರು ವಿವರಣೆಯನ್ನು ಕತ್ತರಿಸಿ ಸದ್ದನ್ನು ಮಾತ್ರ ಕಳಿಸಿದರು.

ನೆಲದ ಸದ್ದಿಗೆ ಕೊಡಗಿನದೇ ಉದಾಹರಣೆ ಇದೆ. 2022ರ ಜೂನ್ ಕೊನೆಯಲ್ಲಿ ಚೆಂಬು, ಸಂಪಾಜೆ, ಸುಳ್ಯ ಗಡಿಯ ಊರುಗಳಲ್ಲಿ ಮೇಲಿಂದ ಮೇಲೆ ಲಘು ಭೂಕಂಪನವಾದಾಗ ಜನ ಮೊದಲು ಹೇಳಿದ್ದು ನಡುಕದ ಮಾತಲ್ಲ, ಗುಡುಗಿನಂಥ ಸದ್ದಿನ ಮಾತು. ಕಂಪನದ ಕೇಂದ್ರ ಆಳದಲ್ಲಿಲ್ಲದಿದ್ದಾಗ ಮೊದಲು ಬರುವ ಅಲೆ ನೆಲದಿಂದ ಗಾಳಿಗೆ ದಾಟಿ ಸದ್ದಾಗುತ್ತದೆ. ಗಟ್ಟಿ ಬಂಡೆಯ ನಾಡಿನಲ್ಲಿ ಆ ಅಲೆಯ ಮೇಲಿನ ಕಂಪನಾಂಕಗಳು ಸವೆಯದೆ ಉಳಿಯುವುದರಿಂದ ಸಣ್ಣ ಕಂಪನಕ್ಕೂ ದೊಡ್ಡ ಸದ್ದು ಕೇಳುತ್ತದೆ.

19 ಹರ್ಟ್ಸ್ ಎಂಬ ಮಾಯೆ

'ಇದನ್ನು ಕೇಳಿದರೆ ದೆವ್ವ ಕಾಣುತ್ತದೆ' ಎಂಬ ತಲೆಬರಹದ 19 ಹರ್ಟ್ಸ್, ಅಂದರೆ ಸೆಕೆಂಡಿಗೆ 19 ಕಂಪನಗಳ, ವೀಡಿಯೊಗಳು ನೂರಾರಿವೆ. ಇದರ ಮೂಲ ಬ್ರಿಟನ್ನಿನ ಎಂಜಿನಿಯರ್ ವಿಕ್ ಟ್ಯಾಂಡಿ 1998ರಲ್ಲಿ ಪ್ರಕಟಿಸಿದ ಲೇಖನ. ಪ್ರಯೋಗಾಲಯದ ಫ್ಯಾನಿನಿಂದ ಸುಮಾರು 19 ಹರ್ಟ್ಸಿನ ನಿಂತ ಅಲೆ ಎದ್ದಿತ್ತು, ಅಲ್ಲಿ ಕಂಡ 'ಆಕೃತಿ'ಗೆ ಅದೇ ಕಾರಣವಿರಬಹುದು ಎಂದು ಅವರು ವಾದಿಸಿದರು. ಆಮೇಲೆ ಲಂಡನ್ನಿನಲ್ಲಿ ಒಂದು ಕೋಣೆ ಕಟ್ಟಿ 79 ಜನರನ್ನು ಒಬ್ಬೊಬ್ಬರಾಗಿ ಕೂರಿಸಿ ನೋಡಿದ ಪ್ರಯೋಗ 2009ರಲ್ಲಿ ಪ್ರಕಟವಾಯಿತು. ವಿಚಿತ್ರ ಅನುಭವ ಆಯಿತೆಂದವರು ಹಲವರಿದ್ದರು. ಆದರೆ ಮಂದ್ರ ಸದ್ದು ಇದ್ದದ್ದಕ್ಕೂ ಇಲ್ಲದ್ದಕ್ಕೂ ಅದು ತಾಳೆಯಾಗಲಿಲ್ಲ. ಏನಾದರೂ ಆಗಬಹುದು ಎಂದು ಮೊದಲೇ ಹೇಳಿದ್ದೇ ಕೆಲಸ ಮಾಡಿತ್ತು.

ಮಂದ್ರ ಸದ್ದು ಸುಳ್ಳೆಂದು ಇದರಿಂದ ಆಗುವುದಿಲ್ಲ. 1984ರಲ್ಲಿ ಪ್ರಾಣಿಗಳ ಧ್ವನಿ ಅಭ್ಯಾಸ ಮಾಡುವ ಕೇಟಿ ಪೇಯ್ನ್ ಅಮೆರಿಕದ ಪೋರ್ಟ್‌ಲೆಂಡ್ ಮೃಗಾಲಯದಲ್ಲಿ ಆನೆಗಳ ಬಳಿ ನಿಂತಾಗ ಗಾಳಿಯಲ್ಲಿ ಒಂದು ಮಿಡಿತ ಎದ್ದ ಹಾಗೆ ಅನ್ನಿಸಿತು. ರೆಕಾರ್ಡ್ ಮಾಡಿ ವೇಗ ಹೆಚ್ಚಿಸಿ ಕೇಳಿದಾಗ ಏಷ್ಯಾದ ಆನೆಗಳು 14ರಿಂದ 24 ಹರ್ಟ್ಸಿನಲ್ಲಿ ಮಾತಾಡುವುದು ಗೊತ್ತಾಯಿತು. ಅಂದರೆ ದುಬಾರೆ, ಮತ್ತಿಗೋಡು, ತಿತಿಮತಿ ಕಡೆಯ ಜನರ ಸುತ್ತಲಿನ ಗಾಳಿಯಲ್ಲಿ ಆ 19 ಹರ್ಟ್ಸ್ ಆಗಾಗ ಸುಳಿದುಹೋಗುತ್ತಲೇ ಇರುತ್ತದೆ. ಫೋನಿನ ಸಣ್ಣ ಸ್ಪೀಕರಿಗಾದರೋ ಇನ್ನೂರು ಮುನ್ನೂರು ಹರ್ಟ್ಸಿನ ಕೆಳಗೆ ದಮ್ಮೇ ಇಲ್ಲ. 19 ಹರ್ಟ್ಸಿನ ವೀಡಿಯೊ ಹಾಕಿದಾಗ 'ಗರ್‍ರ್' ಎಂದು ಕೇಳಿದರೆ ಅದು ಸ್ಪೀಕರ್ ತಾಳಲಾರದೆ ಎಬ್ಬಿಸುವ ಬೇರೆ ಸದ್ದು. ಕೇಳುತ್ತಿಲ್ಲವೆಂದು ವಾಲ್ಯೂಮ್ ಏರಿಸಬೇಡಿ. ಸ್ಪೀಕರಿನ ಪರದೆ ಹರಿಯಬಹುದು, ಹೆಡ್‌ಫೋನ್ ಆದರೆ ಮುಂದಿನ ಹಾಡು ಶುರುವಾದ ಕೂಡಲೇ ಕಿವಿಗೆ ಪೆಟ್ಟು.

ಒಂದು ಕ್ಲಿಪ್ಪನ್ನು ಬಿಚ್ಚಿ ನೋಡುವುದು

'ತೋಟದ ಅಳು' ಎಂಬ ಕ್ಲಿಪ್ ಬಂದಿದೆ ಎಂದುಕೊಳ್ಳಿ. ಮೊದಲ ಕೆಲಸ, ಕಳಿಸಿದವರಿಂದ ಮೂಲ ಕಡತವನ್ನು 'ಡಾಕ್ಯುಮೆಂಟ್' ಆಗಿ ತರಿಸಿಕೊಳ್ಳುವುದು. ವಾಟ್ಸಾಪ್ ಧ್ವನಿಸಂದೇಶ ಓಪಸ್ ವಿಧಾನದಲ್ಲಿ ಹಿಂಡಿದ್ದು. ಮೇಲಿನ ಕಂಪನಾಂಕಗಳ ಸೂಕ್ಷ್ಮವೂ ಹೋಗಿರುತ್ತದೆ, ರೆಕಾರ್ಡ್ ಮಾಡಿದ ದಿನಾಂಕವೂ ಅಳಿಸಿರುತ್ತದೆ. ನಂತರ ಕಂಪ್ಯೂಟರಿನಲ್ಲಿ ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು ತೆರೆದು, ಟ್ರ್ಯಾಕ್ ಹೆಸರಿನ ಮೆನುವಿನಲ್ಲಿ 'ಸ್ಪೆಕ್ಟ್ರೋಗ್ರಾಮ್' ಆರಿಸಿ. ಎಡದಿಂದ ಬಲಕ್ಕೆ ಸಮಯ, ಕೆಳಗಿನಿಂದ ಮೇಲಕ್ಕೆ ಕಂಪನಾಂಕ, ಸದ್ದಿನ ಬಲ ಬಣ್ಣದಲ್ಲಿ. ಇಲ್ಲಿಂದ ಮುಂದೆ ಕಿವಿಗಿಂತ ಕಣ್ಣಿಗೆ ಕೆಲಸ ಜಾಸ್ತಿ.

ಮೇಲ್ಭಾಗ ಸುಮಾರು 3400 ಹರ್ಟ್ಸಿಗೆ ಕತ್ತರಿಸಿದಂತೆ ನಿಂತಿದ್ದರೆ ಆ ಸದ್ದು ಹಳೆಯ ಫೋನ್ ಕರೆಯೊಂದರ ಮೂಲಕ ಹಾದುಬಂದಿದೆ. 16,000ಕ್ಕೆ ನಿಂತಿದ್ದರೆ ಕಡಿಮೆ ಗುಣಮಟ್ಟದ ಎಂಪಿ3. 15,625 ಹರ್ಟ್ಸಿನಲ್ಲಿ ಸಣ್ಣ ನೇರ ಗೆರೆ ಓಡುತ್ತಿದ್ದರೆ ಹತ್ತಿರದಲ್ಲಿ ಹಳೆಯ ಡಬ್ಬಾ ಟೀವಿ ಉರಿಯುತ್ತಿತ್ತು, ಅದೂ ಭಾರತ, ಯುರೋಪುಗಳ ಪಾಲ್ ಪದ್ಧತಿಯದು. ಅಮೆರಿಕದ ಟೀವಿಯ ಗೆರೆ 15,734ರಲ್ಲಿ ಕಾಣುತ್ತದೆ.

ಇದಕ್ಕಿಂತ ಹೆಚ್ಚು ಹೇಳುವುದು ಕರೆಂಟಿನ ಗುಂಯ್‌ಗುಟ್ಟುವಿಕೆ. ನಮ್ಮಲ್ಲಿ ವಿದ್ಯುತ್ತು 50 ಹರ್ಟ್ಸ್. ಅಮೆರಿಕ, ದಕ್ಷಿಣ ಕೊರಿಯಾ, ಫಿಲಿಪೈನ್ಸ್‌ಗಳಲ್ಲಿ 60. ಫ್ರಿಜ್ಜು, ಟ್ಯೂಬ್‌ಲೈಟು, ಟ್ರಾನ್ಸ್‌ಫಾರ್ಮರು ಇರುವಲ್ಲಿ ಆ ಸದ್ದು ಸದಾ ಇರುತ್ತದೆ. 'ಅನಲೈಸ್' ಮೆನುವಿನ 'ಪ್ಲಾಟ್ ಸ್ಪೆಕ್ಟ್ರಮ್' ತೆರೆದು ಗಾತ್ರವನ್ನು 65536ಕ್ಕೆ ಇಡಿ. ಇದಕ್ಕೆ ಕ್ಲಿಪ್ ಎರಡು ಸೆಕೆಂಡಾದರೂ ಉದ್ದವಿರಬೇಕು. ಫೋನಿನ ಮೈಕು 50ನ್ನು ನುಂಗಿರಬಹುದು, ಆದ್ದರಿಂದ 100, 150, 200ರಲ್ಲಿ ಮುಳ್ಳುಗಳು ಎದ್ದಿವೆಯೇ ನೋಡಿ. ಅವು 120, 180, 240ರಲ್ಲಿದ್ದರೆ 'ಸೋಮವಾರಪೇಟೆಯ ಪಾಳುಬಂಗಲೆ' ಎಂಬ ತಲೆಬರಹ ಸುಳ್ಳಿರುವ ಸಾಧ್ಯತೆ ಹೆಚ್ಚು. ಮುಳ್ಳುಗಳು 80, 120, 160ರಲ್ಲಿದ್ದರೆ ಯಾರೋ ಸದ್ದನ್ನು ಶೇ 80ರ ವೇಗಕ್ಕೆ ಇಳಿಸಿದ್ದಾರೆ. 'ಚೇಂಜ್ ಸ್ಪೀಡ್'ನಲ್ಲಿ ಶೇ 25 ಏರಿಸಿದರೆ ಮುಳ್ಳುಗಳು 100, 150, 200ಕ್ಕೆ ಬಂದು ನಿಲ್ಲುತ್ತವೆ. ಆಗ ಪ್ರೇತದ ನರಳಾಟ ನಾಯಿಯ ಊಳಾಗುವುದೂ ಉಂಟು, ಮಗುವಿನ ಹಠವಾಗುವುದೂ ಉಂಟು.

ಈ ಪರೀಕ್ಷೆ ಎಲ್ಲೆಡೆ ನಡೆಯುವುದಿಲ್ಲ. ಕಾಡಿನ ನಡುವೆ, ಕರೆಂಟು ಹೋದಾಗ ಗುಂಯ್ ಇರುವುದಿಲ್ಲ. ಜನರೇಟರಿನ ಕಂಪನಾಂಕ ಭಾರ ಬಿದ್ದಂತೆ ಅತ್ತಿತ್ತ ಓಲಾಡುತ್ತದೆ. ಫೋನಿನ ಗದ್ದಲ ತಗ್ಗಿಸುವ ತಂತ್ರಾಂಶ ಅದನ್ನು ಗುಡಿಸಿ ಹಾಕಿರಲೂಬಹುದು. ಆಗ ಹಿನ್ನೆಲೆಯನ್ನು ಓದಬೇಕು. ಕಕ್ಕಡ ತಿಂಗಳ ಜಡಿಮಳೆಯಲ್ಲಿ ಭಾಗಮಂಡಲದ ಕಡೆ ಹಿಡಿದ ಸದ್ದಿನಲ್ಲಿ ಹೆಂಚಿನ ಮೇಲಿನ ಮಳೆ, ಎಲೆಯಿಂದ ತೊಟ್ಟಿಕ್ಕುವ ಹನಿ, ಮರಗಪ್ಪೆಗಳ ಕೂಗು ಯಾವುದೂ ಇಲ್ಲವೆಂದರೆ ನಂಬುವುದು ಕಷ್ಟ. ಕೀಟಗಳ ಕಿರ್‍ ಸದ್ದು ಸ್ಪೆಕ್ಟ್ರೋಗ್ರಾಮಿನಲ್ಲಿ ಉದ್ದಕ್ಕೆ ಹಾಸಿದ ಪಟ್ಟಿಯಂತೆ ಕಾಣುತ್ತದೆ. 'ಅಳು' ಶುರುವಾಗುವ ಕ್ಷಣಕ್ಕೇ ಆ ಪಟ್ಟಿ ಚಾಕುವಿನಿಂದ ಕೊಯ್ದಂತೆ ಮುರಿದಿದ್ದರೆ ಬೇರೆ ಸದ್ದನ್ನು ಅಲ್ಲಿ ಅಂಟಿಸಿದ್ದಾರೆ.

ಕತ್ತರಿ ಬಿದ್ದಿಲ್ಲ, ವೇಗವೂ ಸರಿಯಿದೆ ಎಂದಾದರೆ ಅದು ನಿಜವಾದ ರಾತ್ರಿಯ ಸದ್ದು. ಕೊಡಗಿನ ಕಾಡಿನಲ್ಲಿ ಅದಕ್ಕೆ ವಾರಸುದಾರರು ಬೇಕಾದಷ್ಟಿದ್ದಾರೆ. ಸ್ಪಾಟ್ ಬೆಲ್ಲೀಡ್ ಈಗಲ್ ಔಲ್ ಎಂಬ ದೊಡ್ಡ ಕಾಡುಗೂಬೆ ಹೆಂಗಸು ಗೋಳಿಟ್ಟ ಹಾಗೆ ಏರಿಳಿಯುತ್ತ ಕೂಗುತ್ತದೆ. ಶ್ರೀಲಂಕಾದವರು ಉಲಮಾ, ಅಂದರೆ ದೆವ್ವದ ಹಕ್ಕಿ, ಎಂದು ಕರೆಯುವುದು ಬಹುಮಟ್ಟಿಗೆ ಇದನ್ನೇ ಎನ್ನುತ್ತಾರೆ. ಕಪ್ಪೆಬಾಯಿ ಹಕ್ಕಿಯ ಹೆಣ್ಣು ಒಣಗಿದ ಗಂಟಲಲ್ಲಿ ಕಿರುಚುತ್ತದೆ. ಹಗಲಲ್ಲಿ ಕೇಕೆ ಹಾಕಿ ನಗುವವನು ಮಲಬಾರ್ ಮಂಗಟ್ಟೆ. ನಸುಕಿನಲ್ಲಿ, ಇನ್ನೂ ಕತ್ತಲಿರುವಾಗ, ರಾಗ ಮರೆತ ಹುಡುಗನಂತೆ ಶಿಳ್ಳೆ ಹಾಕುವುದು ಮಲಬಾರ್ ಸಿಳ್ಳಾರ. ಅದರ ಶಿಳ್ಳೆ ಪರದೆಯ ಮೇಲೆ ಒಂದೇ ತೆಳು ಗೆರೆಯಾಗಿ ಬಳುಕುತ್ತದೆ, ಮನುಷ್ಯರ ಅಳುವಿನಂತೆ ಒಂದರ ಮೇಲೊಂದು ಗೆರೆಗಳ ಏಣಿ ಕಟ್ಟುವುದಿಲ್ಲ. ಕಾಡುಕುರಿ ಬೊಗಳುವುದಂತೂ ನಾಯಿಯೋ ಮನುಷ್ಯನೋ ತಿಳಿಯದ ಹಾಗಿರುತ್ತದೆ. ಝೀನೋ ಕ್ಯಾಂಟೋ ಎಂಬ ಉಚಿತ ಜಾಲತಾಣದಲ್ಲಿ ಈ ಹಕ್ಕಿಗಳ ಧ್ವನಿ ಊರು, ದಿನಾಂಕ, ಸಮಯದ ಸಮೇತ ಸಿಗುತ್ತದೆ. ಎರಡನ್ನೂ ಮೇಲೆ ಕೆಳಗೆ ಇಟ್ಟು ಹೋಲಿಸಿ. ಬರ್ಡ್‌ನೆಟ್ ಆ್ಯಪ್ ಮೂರು ಮೂರು ಸೆಕೆಂಡಿನ ತುಣುಕನ್ನು ನೋಡಿ ಹೆಸರು ಹೇಳುತ್ತದೆ. ಹಿಂಡಿದ, ವೇಗ ಬದಲಿಸಿದ ಕ್ಲಿಪ್ ಕೊಟ್ಟರೆ ಅದು ತಪ್ಪು ಹೆಸರನ್ನೂ ಧೈರ್ಯವಾಗಿಯೇ ಹೇಳುತ್ತದೆ, ಆದ್ದರಿಂದ ವೇಗ ಸರಿಪಡಿಸುವ ಕೆಲಸ ಮೊದಲಾಗಬೇಕು.

ಸಿನಿಮಾ ಹೆದರಿಸುವುದು ಎಲ್ಲಿಂದ ಕಲಿಯಿತು

ಹಾರರ್ ಚಿತ್ರಗಳ ಹಿನ್ನೆಲೆ ಸಂಗೀತ ಬಳಸುವುದೂ ಇದೇ ಕಾಡಿನ ವಿದ್ಯೆಯನ್ನು. ಪ್ರಾಣಿಯೊಂದು ಗಂಟಲಿನ ಶಕ್ತಿ ಮೀರಿ ಕೂಗಿದಾಗ ಸ್ವರ ಒಡೆದು ಗೊಗ್ಗರಾಗುತ್ತದೆ. ಮಾರ್ಮೊಟ್ ಎಂಬ ಬೆಟ್ಟದ ಅಳಿಲಿನ ಮರಿಗಳ ಚೀತ್ಕಾರದಲ್ಲಿ ಇದನ್ನು ಅಭ್ಯಾಸ ಮಾಡಿದ್ದ ಡೇನಿಯಲ್ ಬ್ಲೂಮ್‌ಸ್ಟೈನ್ ಮತ್ತು ಜೊತೆಗಾರರು 2010ರಲ್ಲಿ 102 ಸಿನಿಮಾಗಳ ಧ್ವನಿಪಥ ಪರೀಕ್ಷಿಸಿ, ಭಾವಕ್ಕೆ ತಕ್ಕಂತೆ ಇಂಥದೇ ಒಡಕು ಸದ್ದುಗಳನ್ನು ಅಲ್ಲಿ ಬಳಸಿರುವುದನ್ನು ತೋರಿಸಿದರು. 1960ರಲ್ಲಿ ಬರ್ನಾರ್ಡ್ ಹರ್ಮನ್ ಹಿಚ್‌ಕಾಕನ 'ಸೈಕೋ' ಚಿತ್ರಕ್ಕೆ ಬರೀ ತಂತಿವಾದ್ಯಗಳಿಂದ ಕಿರುಚಿಸಿದ್ದು ಈ ಸಾಲಿನ ಅತಿ ಹೆಸರಾದ ಉದಾಹರಣೆ. ಕಮಾನನ್ನು ಒತ್ತಿ ಎಳೆದು ತಂತಿಯನ್ನು ಅದರ ಮಿತಿಯಾಚೆಗೆ ತಳ್ಳಿದಾಗ ಅದು ಪಿಟೀಲಾಗಿ ಉಳಿಯುವುದಿಲ್ಲ, ಹಿಡಿಸಿಕೊಂಡ ಪ್ರಾಣಿಯಾಗುತ್ತದೆ.

ವಾಟರ್‌ಫೋನ್ ಎಂಬ ವಾದ್ಯವನ್ನು ಹತ್ತಿರದಿಂದ ನೋಡಿದರೆ ಇದು ಇನ್ನೂ ಸ್ಪಷ್ಟ. ಅಮೆರಿಕದ ರಿಚರ್ಡ್ ವಾಟರ್ಸ್ ಇದನ್ನು ಕಟ್ಟಿದರು. ಚಪ್ಪಟೆ ಸ್ಟೀಲ್ ಬೋಗುಣಿ, ಮಧ್ಯೆ ಕೊಳವೆಯಂಥ ಕತ್ತು, ಅಂಚಿನ ಸುತ್ತ ಬೇರೆ ಬೇರೆ ಉದ್ದದ ಕಂಚಿನ ಕಡ್ಡಿಗಳು, ಒಳಗೆ ಸ್ವಲ್ಪ ನೀರು. ಕಡ್ಡಿಗೆ ಪಿಟೀಲಿನ ಕಮಾನು ಎಳೆಯುತ್ತ ಬೋಗುಣಿಯನ್ನು ಓರೆ ಮಾಡಿದರೆ ನೀರು ಒಂದು ಬದಿಗೆ ಸರಿಯುತ್ತದೆ, ತಳದ ಅನುರಣನ ಬದಲಾಗುತ್ತದೆ, ಹುಟ್ಟಿದ ಸ್ವರ ನಿಂತಲ್ಲಿ ನಿಲ್ಲದೆ ಜಾರುತ್ತದೆ. ಯಾವ ಸ್ವರಸ್ಥಾನದಲ್ಲೂ ನೆಲೆಸದ ಆ ಜಾರಿಕೆಯೇ ಎದೆಯನ್ನು ತಣ್ಣಗಾಗಿಸುವುದು. ನೀರು ಹೆಚ್ಚಾದರೆ ಸದ್ದು ಸತ್ತುಹೋಗುತ್ತದೆ; ತಳ ಮುಚ್ಚುವಷ್ಟು, ಓರೆ ಮಾಡಿದರೆ ಹರಿದಾಡುವಷ್ಟು ಸಾಕು.

ಕನ್ನಡದ ಹಾರರ್ ಸಂಗೀತ ಹುಡುಕುವವರಿಗೆ ಮೊದಲು ಎದುರಾಗುವುದು ನಿರಾಸೆ. ಕಾರಣ ಸರಳ: ನಮ್ಮಲ್ಲಿ ರೆಕಾರ್ಡು, ಕ್ಯಾಸೆಟ್ ಆಗಿ ಹೊರಬಂದದ್ದು ಹಾಡುಗಳು, ಕೆಲವೊಮ್ಮೆ ಸಂಭಾಷಣೆ. ಹಿನ್ನೆಲೆ ಸಂಗೀತ ಮಾರಾಟದ ಸರಕೆಂದು ಯಾರೂ ಎಣಿಸಲಿಲ್ಲ. 1979ರ 'ನಾ ನಿನ್ನ ಬಿಡಲಾರೆ'ಗೆ ರಾಜನ್-ನಾಗೇಂದ್ರ ಕೊಟ್ಟ ಹಾಡುಗಳು ಎಲ್ಲೆಡೆ ಸಿಗುತ್ತವೆ. ಅಂಥ ಚಿತ್ರಗಳ ಭಯದ ದೃಶ್ಯಗಳ ಸಂಗೀತ ಬೇಕಾದರೆ ಸಿನಿಮಾದೊಳಗೇ ಇಳಿಯಬೇಕು, ಅಲ್ಲಿ ಅದು ಮಾತು, ಮಳೆ, ಬಾಗಿಲ ಕಿರುಗುಟ್ಟುವಿಕೆಯ ಜೊತೆ ಕಲೆತುಹೋಗಿರುತ್ತದೆ. ಇದು ನಿಜಕ್ಕೂ ದೊಡ್ಡ ನಷ್ಟ. ಅದನ್ನು ನುಡಿಸಿದ ವಾದ್ಯಗಾರರ ಹೆಸರೂ ಎಲ್ಲೂ ನಮೂದಾಗಿರುವುದಿಲ್ಲ.

ಬೇರ್ಪಡಿಸಲು ಈಗ ಡೆಮಕ್ಸ್, ಅಲ್ಟಿಮೇಟ್ ವೋಕಲ್ ರಿಮೂವರ್‌ನಂಥ ಉಚಿತ ತಂತ್ರಾಂಶಗಳಿವೆ. ಇವು ಹಾಡುಗಳ ಮೇಲೆ ಕಲಿತವು. ಆದ್ದರಿಂದ ಕಿರುಚಾಟವನ್ನು 'ಗಾಯನ' ಎಂದು ತೆಗೆದುಹಾಕುತ್ತವೆ, ಪಿಟೀಲಿನ ಚೀತ್ಕಾರವೂ ಅರ್ಧ ಅದರ ಜೊತೆ ಹೋಗುತ್ತದೆ. ಮಾತಿಲ್ಲದ ದೃಶ್ಯಗಳನ್ನು ಆರಿಸಿ ನೇರವಾಗಿ ಕತ್ತರಿಸಿಕೊಳ್ಳುವುದೇ ಒಳ್ಳೆಯದು. ವೇಗದ ಸಮಸ್ಯೆ ಇಲ್ಲೂ ಇದೆ. ಸಿನಿಮಾ ಸೆಕೆಂಡಿಗೆ 24 ಚೌಕಟ್ಟು, ಪಾಲ್ ಟೀವಿ 25. ಟೀವಿಯಿಂದ ಇಳಿಸಿದ ಪ್ರತಿಯಲ್ಲಿ 150 ನಿಮಿಷದ ಚಿತ್ರ 144 ನಿಮಿಷಕ್ಕೆ ಮುಗಿದಿದ್ದರೆ ಸಂಗೀತ ಸುಮಾರು 0.7 ಅರ್ಧಸ್ವರದಷ್ಟು ಮೇಲೇರಿದೆ. 'ಚೇಂಜ್ ಸ್ಪೀಡ್'ನಲ್ಲಿ ಶೇ 4 ಇಳಿಸಿದರೆ ಮೂಲದ ಶ್ರುತಿ ಸಿಗುತ್ತದೆ. ಅವಧಿ ನೋಡದೆ ಇಳಿಸಬೇಡಿ. ಚೌಕಟ್ಟುಗಳನ್ನು ಬೇರೆ ರೀತಿ ಹೊಂದಿಸಿದ ಪ್ರತಿಗಳೂ ಇರುತ್ತವೆ.

ಈಚೆಗೆ 'ಕಳೆದುಹೋದ 1970ರ ದಶಕದ ಹಾರರ್ ಎಲ್‌ಪಿ' ಎಂದು ಯಂತ್ರಬುದ್ಧಿಯಿಂದ ಹೆಣೆದ ಸಂಗೀತವೂ ಯೂಟ್ಯೂಬಿನಲ್ಲಿ ತುಂಬುತ್ತಿದೆ. ಹಳೆಯ ರೆಕಾರ್ಡಿನ ಚಟಪಟ ಸದ್ದನ್ನೂ ಮೇಲೆ ಉದುರಿಸಿರುತ್ತಾರೆ. ನಿಜವಾದ ರೆಕಾರ್ಡಿನ ಗೀರು ತಟ್ಟೆ ಒಂದು ಸುತ್ತು ಬಂದಾಗಲೆಲ್ಲ ಮರುಕಳಿಸುತ್ತದೆ: ಎಲ್‌ಪಿಯಲ್ಲಿ 1.8 ಸೆಕೆಂಡಿಗೊಮ್ಮೆ, 45ರ ತಟ್ಟೆಯಲ್ಲಿ 1.33ಕ್ಕೊಮ್ಮೆ, 78ರದರಲ್ಲಿ 0.77ಕ್ಕೊಮ್ಮೆ. ಚಟಪಟ ಹೇಗೆಂದರೆ ಹಾಗೆ ಉದುರುತ್ತಿದ್ದರೆ ಅನುಮಾನಿಸಿ. ರೆಕಾರ್ಡುಗಳ ಪಟ್ಟಿಯಿರುವ ಡಿಸ್ಕಾಗ್ಸ್ ಜಾಲತಾಣದಲ್ಲಿ ಕ್ಯಾಟಲಾಗ್ ಸಂಖ್ಯೆ ಹುಡುಕಿ. ಸಂಖ್ಯೆಯೂ ಇಲ್ಲ, ತಟ್ಟೆಯ ಫೋಟೊವೂ ಇಲ್ಲವೆಂದರೆ ಅಲ್ಲಿಗೆ ಬಿಡಿ.

ಎಲ್ಲಿ ಹುಡುಕಬೇಕು, ಯಾವುದನ್ನು ಬಳಸಬಹುದು

'ಹಾರರ್ ಮ್ಯೂಸಿಕ್' ಎಂದು ಹುಡುಕಿದರೆ ಸಿಗುವುದು ಕಸ. ಸಂಯೋಜಕರ ಹೆಸರಿನಿಂದ ಹೊರಡಿ. ಇಲ್ಲವೇ 'ಲೈಬ್ರರಿ ಮ್ಯೂಸಿಕ್' (ಸಿನಿಮಾ, ಟೀವಿಗೆಂದು ಮೊದಲೇ ಮಾಡಿಟ್ಟ ಸಂಗೀತ), 'ಜ್ಯಾಲೊ' (ಇಟಲಿಯ ಕೊಲೆ-ರಹಸ್ಯ ಚಿತ್ರಗಳು), 'ರೇಡಿಯೊಫೋನಿಕ್' (ಪ್ರಸಾರಕ್ಕೆಂದು ಹುಟ್ಟಿಸಿದ ಎಲೆಕ್ಟ್ರಾನಿಕ್ ಸದ್ದು) ಎಂಬ ಪದಗಳನ್ನು ಇಂಗ್ಲಿಷಿನಲ್ಲಿ ಕೊಡಿ. ಇಂಟರ್ನೆಟ್ ಆರ್ಕೈವ್‌ನಲ್ಲಿ ಕೊನೆಟ್ ಪ್ರಾಜೆಕ್ಟ್ ಇದೆ: ಗೂಢಚಾರರಿಗಾಗಿ ಅಂಕಿಗಳನ್ನು ಓದುವ ಶಾರ್ಟ್‌ವೇವ್ ಕೇಂದ್ರಗಳ ರೆಕಾರ್ಡಿಂಗು, ಮೊದಲು 1997ರಲ್ಲಿ ನಾಲ್ಕು ಸಿಡಿಗಳಾಗಿ ಬಂದದ್ದು. ಭಾವವಿಲ್ಲದ ದನಿಯಲ್ಲಿ ಅಂಕಿಗಳನ್ನು ಓದುತ್ತ ಹೋಗುವುದನ್ನು ಕೇಳುವಾಗ ಯಾವ ಹಾರರ್ ಸಂಗೀತವೂ ನೆನಪಾಗುವುದಿಲ್ಲ. ಈಗಲೂ ನೇರವಾಗಿ ಕೇಳಬೇಕೆಂದರೆ ನೆದರ್‌ಲೆಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯದ ವೆಬ್‌ಎಸ್‌ಡಿಆರ್ ಎಂಬ ಅಂತರ್ಜಾಲದ ರೇಡಿಯೊವನ್ನು ತೆರೆದು 4625 ಕಿಲೋಹರ್ಟ್ಸ್, ಯುಎಸ್‌ಬಿ (ಅಪ್ಪರ್ ಸೈಡ್‌ಬ್ಯಾಂಡ್) ಎಂದು ಇಡಿ. ರಷ್ಯಾದ 'ಬಜರ್' ಎಂಬ ಕೇಂದ್ರ ಅಲ್ಲಿ ದಶಕಗಳಿಂದ ಗುರುಗುಡುತ್ತಿದೆ, ಅಪರೂಪಕ್ಕೊಮ್ಮೆ ಒಂದು ದನಿ ಹೆಸರು, ಅಂಕಿ ಓದುತ್ತದೆ. ಯುರೋಪಿನಲ್ಲಿ ಕತ್ತಲಿರುವಾಗ, ಅಂದರೆ ನಮ್ಮ ಮಧ್ಯರಾತ್ರಿಯ ನಂತರ, ಅದು ಚೆನ್ನಾಗಿ ಸಿಗುತ್ತದೆ. ಆಂಟೆನಾ ಬೇಡ, ಕುಂಟುವ ಟವರಿದ್ದರೂ ನಡೆಯುತ್ತದೆ.

ಕಿರುಚಿತ್ರ, ರೀಲ್ಸ್ ಮಾಡುವವರು ಇದನ್ನು ಗಮನಿಸಬೇಕು. ಬಿಬಿಸಿಯ ಧ್ವನಿ ಸಂಗ್ರಹ ಸ್ವಂತಕ್ಕೆ, ಓದಿಗೆ, ಸಂಶೋಧನೆಗೆ ಉಚಿತ. ಹಣ ಬರುವ ವೀಡಿಯೊಗೆ ಬೇರೆ ಪರವಾನಗಿ ಕೊಳ್ಳಬೇಕು. ಫ್ರೀಸೌಂಡ್‌ನಲ್ಲಿ 'ಸಿಸಿ ಝೀರೊ' ಎಂದು ಸೋಸಿದವು ನಿರ್ಬಂಧವಿಲ್ಲದವು. ಭಾರತದಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ. 1965ರಲ್ಲಿ ಬಂದ ರೆಕಾರ್ಡಿನ ಹಕ್ಕು 2025ರ ಕೊನೆಗೆ ತೀರಿತು. ಆದರೆ ರಾಗ ಸಂಯೋಜನೆಯ ಹಕ್ಕು ಸಂಯೋಜಕರು ತೀರಿಕೊಂಡ ನಂತರವೂ 60 ವರ್ಷ ಇರುತ್ತದೆ. ಹಳೆಯ ತಟ್ಟೆ ಸಿಕ್ಕಿತೆಂದು ಹಾಕಿದ ವೀಡಿಯೊಗೆ ಸ್ಟ್ರೈಕ್ ಬೀಳುವುದು ಈ ಎರಡನೇ ಹಕ್ಕಿನಿಂದಲೂ ಆಗಬಹುದು.

ಇನ್ನೂ ಒಂದು ಬಗೆಯ ಸದ್ದಿದೆ, ಅದನ್ನು ಹಾರರ್ ಎಂದು ಬಳಸಲೇಬಾರದು. ಕೊಡಗಿನ ಊರುಗಳಲ್ಲಿ ನಡೆಯುವ ತೆರೆ ಎಂಬ ದೈವಾರಾಧನೆಯ ಚೆಂಡೆ, ದೈವದ ಕೂಗು, ಸಾವಿನ ಮನೆಯ ದುಡಿಯ ಹಾಡು ಕತ್ತರಿಸಿಕೊಂಡು ಬಂದು 'ಭಯಾನಕ ಬಿಜಿಎಂ' ಆಗುತ್ತಿವೆ. ವೇಷ ಕಟ್ಟಿ ಕುಣಿಯುವವರ ಒಪ್ಪಿಗೆ ಅಲ್ಲಿಲ್ಲ, ಹೆಸರೂ ಇಲ್ಲ. ಕೇಳುವವರಿಗೆ ಅದು ಹಿರಿಯರನ್ನು ಕರೆಯುವ ಸದ್ದೆಂದು ತಿಳಿಯುವುದೇ ಇಲ್ಲ. ಹಾಗೆಯೇ ಗೂಬೆಯ ಧ್ವನಿಯನ್ನು ಸ್ಪೀಕರಿನಲ್ಲಿ ಹಾಕಿ ಪ್ರವಾಸಿಗರನ್ನು ಹೆದರಿಸುವುದು. ಸಂತಾನದ ಕಾಲದಲ್ಲಿ ಹಕ್ಕಿ ಅದನ್ನು ಎದುರಾಳಿಯೆಂದು ಭಾವಿಸಿ ಗೂಡು ಬಿಟ್ಟು ಬರುತ್ತದೆ. ಆನೆ ಓಡಾಡುವ ತೋಟದಲ್ಲಿ ಹಠಾತ್ ಸದ್ದು ಜೀವಕ್ಕೇ ಅಪಾಯ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ 2000ದ ಶಬ್ದಮಾಲಿನ್ಯ ನಿಯಮಗಳ ನಿಷೇಧವೂ ಇದೆ.

ವಿಳಾಸ ಕಳೆದ ಸದ್ದಿಗೆ ಮತ್ತೆ ವಿಳಾಸ ಸಿಗುವುದೂ ಉಂಟು. 1984ರ ಹೊತ್ತಿಗೆ ಜರ್ಮನಿಯ ರೇಡಿಯೊದಿಂದ ಯಾರೋ ಕ್ಯಾಸೆಟ್ಟಿಗೆ ಇಳಿಸಿಕೊಂಡ ಹೆಸರಿಲ್ಲದ ಹಾಡೊಂದನ್ನು ಜನ ವರ್ಷಗಟ್ಟಲೆ ಹುಡುಕಿದರು. ಅದು ಫೆಕ್ಸ್ ಎಂಬ ತಂಡದ್ದೆಂದು ಗೊತ್ತಾದದ್ದು 2024ರ ನವೆಂಬರಿನಲ್ಲಿ. ರೆಕಾರ್ಡ್ ಮಾಡುವವರು ಅಂದೇ ಒಂದು ಸಾಲು ಬರೆದಿಟ್ಟರೆ ಅಷ್ಟು ಹುಡುಕಾಟ ಬೇಕಿಲ್ಲ. ಕೊಡಗಿನಲ್ಲಿ ರಾತ್ರಿಯ ಸದ್ದು ಹಿಡಿಯುವಾಗ ಫೋನಿನ ಗದ್ದಲ ತಗ್ಗಿಸುವ ಆಯ್ಕೆಯನ್ನು ಬಂದ್ ಮಾಡಿ, 48 ಕಿಲೋಹರ್ಟ್ಸಿನ ವೇವ್ ಕಡತವಾಗಿ ಉಳಿಸಿ, ತೇವಕ್ಕೆ ಮೈಕು ಮಂಕಾಗದಂತೆ ಯಂತ್ರವನ್ನು ಸಿಲಿಕಾ ಜೆಲ್ ಪುಡಿಕೆಯ ಜೊತೆ ಡಬ್ಬದಲ್ಲಿಡಿ. ರೆಕಾರ್ಡಿಂಗ್ ನಿಲ್ಲಿಸುವ ಮುಂಚೆ ಊರು, ದಿನಾಂಕ, ಗಂಟೆ, ಮಳೆ ಇತ್ತೇ ಇಲ್ಲವೇ ಎಂಬುದನ್ನು ಬಾಯಲ್ಲೇ ಹೇಳಿ. ಕಡತದ ಹೆಸರನ್ನು ಯಾರಾದರೂ ಬದಲಿಸಬಹುದು. ಸದ್ದಿನ ಬಾಲಕ್ಕೆ ಕಟ್ಟಿದ ಆ ಮಾತನ್ನು ತೆಗೆಯಬೇಕಾದರೆ ಕತ್ತರಿ ಹಾಕಲೇಬೇಕು.